ತಂದೆಯ ಪ್ರತಿ ಸರಿಯಿದ್ದರೂ ಮಿದುಳಿನಲ್ಲಿ ಯುಬಿಇ3ಎ ಕಿಣ್ವ ಇಲ್ಲವಾಗುವುದೇಕೆ?

ತಾಯಿಯಿಂದ ಬಂದ ಯುಬಿಇ3ಎ ಜೀನ್ (ಅದೇ ಹೆಸರಿನ ಕಿಣ್ವವನ್ನು ತಯಾರಿಸುವ ಜೀನ್) ಕೆಟ್ಟಿದ್ದರೆ ಮಗುವಿಗೆ ಏಂಜೆಲ್‌ಮನ್ ಸಿಂಡ್ರೋಮ್ ಎಂಬ, ಬೆಳವಣಿಗೆ ಮತ್ತು ಮಾತು ಕುಂಠಿತವಾಗುವ ನರಸಂಬಂಧಿ ಕಾಯಿಲೆ ಬರುತ್ತದೆ, ತಂದೆಯಿಂದ ಬಂದದ್ದು ಕೆಟ್ಟಿದ್ದರೆ ಬರುವುದಿಲ್ಲ ಎಂದು ಓದಿದ ನೀವು, ಒಂದು ಪ್ರತಿ ಸರಿಯಿದ್ದರೆ ಸಾಲದೇ ಎಂದು ಕೇಳಿದ್ದೀರಿ. ಸಾಲಬಹುದಿತ್ತು, ಆದರೆ ನರಕೋಶಗಳಲ್ಲಿ ತಂದೆಯ ಪ್ರತಿ ಇದ್ದೂ ಇಲ್ಲದಂತಿರುತ್ತದೆ.

ಮೊದಲು ಕಿಣ್ವದ ಕೆಲಸವನ್ನು ಹೇಳುತ್ತೇನೆ. ಯುಬಿಕ್ವಿಟಿನ್ ಎಂಬುದು 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್, ಬೇರೆ ಪ್ರೋಟೀನುಗಳಿಗೆ ಗುರುತಿನಂತೆ ಅಂಟಿಕೊಳ್ಳುತ್ತದೆ. ಇ1 ಕಿಣ್ವವು ಜೀವಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ವ್ಯಯಿಸಿ ಅದನ್ನು ಸಜ್ಜುಗೊಳಿಸುತ್ತದೆ, ಇ2 ಅದನ್ನು ಹೊತ್ತು ತರುತ್ತದೆ, ಇ3 ಅದನ್ನು ಗುರಿ ಪ್ರೋಟೀನಿಗೆ ಸೇರಿಸುತ್ತದೆ. ಮನುಷ್ಯರಲ್ಲಿ ಇ1 ಎರಡೇ ಇದ್ದು, ಇ2 ಸುಮಾರು 40, ಇ3 600ಕ್ಕೂ ಹೆಚ್ಚು ಇರುವುದನ್ನು ನೋಡಿದರೆ, ಯಾವ ಪ್ರೋಟೀನಿಗೆ ಗುರುತು ಬೀಳಬೇಕೆಂಬ ಆಯ್ಕೆ ಯಾರ ಕೈಯಲ್ಲಿದೆ ಎಂಬುದು ತಿಳಿಯುತ್ತದೆ. ಬಹುಪಾಲು ಇ3ಗಳು ಇ2 ಮತ್ತು ಗುರಿಯನ್ನು ಹತ್ತಿರ ತಂದು ನಿಲ್ಲಿಸುತ್ತವೆ, ಅಷ್ಟೆ. ಯುಬಿಇ3ಎ ಕೂಡ ಒಂದು ಇ3, ಆದರೆ ಹಾಗಲ್ಲ, ಅದು ಯುಬಿಕ್ವಿಟಿನನ್ನು ಮೊದಲು ತನ್ನದೇ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಗಂಧಕಕ್ಕೆ ಕಟ್ಟಿಕೊಂಡು, ಬಳಿಕ ಗುರಿಯಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ದಾಟಿಸುತ್ತದೆ. ಗುರುತುಗಳ ಸರಪಳಿ ಬೆಳೆದ ಪ್ರೋಟೀನನ್ನು ಜೀವಕೋಶದ ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮ್ ತುಂಡರಿಸುತ್ತದೆ. (ಈ ಕಿಣ್ವ ಮೊದಲು ಗಮನಕ್ಕೆ ಬಂದದ್ದು ಮಿದುಳಿನಿಂದಲ್ಲ, ಗರ್ಭಕಂಠದ ಕ್ಯಾನ್ಸರಿನಿಂದ: ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನ್, ಅಂದರೆ ಮೇಲಿನ ಇ ಸರಣಿಗೆ ಸೇರದ ಬೇರೆಯದೇ ಪ್ರೋಟೀನ್, ಇದನ್ನು ವಶಪಡಿಸಿಕೊಂಡು ಕ್ಯಾನ್ಸರನ್ನು ತಡೆಯುವ ಪಿ53 ಪ್ರೋಟೀನಿನ ನಾಶಕ್ಕೆ ಬಳಸುತ್ತದೆ.)

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಜೀನ್ ಇರುವುದು 15ನೇ ವರ್ಣತಂತುವಿನಲ್ಲಿ. ದೇಹದ ಹೆಚ್ಚಿನ ಅಂಗಾಂಶಗಳಲ್ಲಿ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ. ನರಕೋಶದಲ್ಲಿ ಮಾತ್ರ, ತಂದೆಯಿಂದ ಬಂದ ವರ್ಣತಂತುವಿನ ಮೇಲೆ ಎದುರು ದಿಕ್ಕಿನಿಂದ ಒಂದು ಉದ್ದನೆಯ ಆರ್‌ಎನ್‌ಎ ನಕಲಾಗುತ್ತ ಬಂದು ಯುಬಿಇ3ಎಯನ್ನು ಅಡಗಿಸಿಬಿಡುತ್ತದೆ. ತಾಯಿಯ ವರ್ಣತಂತುವಿನಲ್ಲಿ ಆ ಆರ್‌ಎನ್‌ಎ ಆರಂಭವಾಗುವ ಜಾಗಕ್ಕೆ ಮೀಥೈಲ್ ಗುಂಪುಗಳು (ಡಿಎನ್‌ಎಯ ಓದನ್ನು ತಡೆಯುವ ಪುಟ್ಟ ರಾಸಾಯನಿಕ ಗುರುತುಗಳು) ಅಂಟಿರುವುದರಿಂದ ಅದು ಹುಟ್ಟುವುದೇ ಇಲ್ಲ, ಜೀನ್ ನಡೆಯುತ್ತದೆ.

ನನಗೆ ಇದನ್ನು ಮನದಟ್ಟು ಮಾಡಿಸಿದ್ದು ಒಂದು ಅಪರೂಪದ ಸ್ಥಿತಿ: ಕೆಲವು ಮಕ್ಕಳಿಗೆ 15ನೇ ವರ್ಣತಂತುವಿನ ಎರಡೂ ಪ್ರತಿಗಳು ತಂದೆಯಿಂದಲೇ ಬಂದಿರುತ್ತವೆ. ಎರಡರಲ್ಲೂ ಜೀನ್ ನಿರ್ದೋಷವಾಗಿದ್ದರೂ ಆ ಮಕ್ಕಳಲ್ಲಿ ಏಂಜೆಲ್‌ಮನ್ ಸಿಂಡ್ರೋಮ್ ಕಾಣಿಸಿಕೊಳ್ಳುತ್ತದೆ. ಹಾಗೆಂದು ಕಿಣ್ವ ಹೆಚ್ಚಿದಷ್ಟೂ ಒಳಿತಲ್ಲ. ತಾಯಿಯ ಕಡೆಯ ಈ ಭಾಗ ಇಮ್ಮಡಿಯಾದವರಲ್ಲಿ ಆಟಿಸಂ ಲಕ್ಷಣಗಳು ಹೆಚ್ಚಾಗಿ ಕಂಡುಬರುತ್ತವೆ.

ಹ್ಯಾರಿ ಏಂಜೆಲ್‌ಮನ್ 1965ರಲ್ಲಿ ಮೂವರು ಮಕ್ಕಳಲ್ಲಿ ವರ್ಣಿಸಿದ ಈ ಕಾಯಿಲೆಗೂ ಈ ಜೀನಿಗೂ ಇರುವ ನಂಟು ಖಚಿತವಾದದ್ದು 1997ರಲ್ಲಿ. ಸುಮಾರು 70% ಪ್ರಕರಣಗಳಲ್ಲಿ ತಾಯಿಯ ವರ್ಣತಂತುವಿನ ಆ ಭಾಗವೇ ಕಳಚಿಹೋಗಿರುತ್ತದೆ. ತಂದೆಯ ಪ್ರತಿ ಸತ್ತಿಲ್ಲ, ಮೌನವಾಗಿದೆ ಅಷ್ಟೆ ಎಂಬ ಕಾರಣಕ್ಕಾಗಿಯೇ ಆ ಎದುರು ಆರ್‌ಎನ್‌ಎಯನ್ನು ನಾಶಮಾಡುವ ಔಷಧಗಳು ಮಾನವ ಪ್ರಯೋಗದ ಹಂತಕ್ಕೆ ಬಂದಿವೆ.

ತಂದೆಯ ಪ್ರತಿ ಕೆಟ್ಟರೆ ಏನೂ ಆಗದು ಎಂಬ ನಿಮ್ಮ ಮಾತಿಗೆ ಒಂದು ತಿದ್ದುಪಡಿ ಬೇಕು. ಅಂಥ ಪ್ರತಿ ಪಡೆದ ಮಗಳು ಆರೋಗ್ಯವಾಗಿಯೇ ಇರುತ್ತಾಳೆ, ಆದರೆ ಅವಳು ಅದನ್ನು ತನ್ನ ಮಕ್ಕಳಿಗೆ ಕೊಡುವಾಗ ಅದು ತಾಯಿಯ ಪ್ರತಿಯಾಗಿರುತ್ತದೆ. ಅವಳ ಒಂದೊಂದು ಮಗುವಿಗೂ ಅಪಾಯ 50%. ಜೀನಿನೊಳಗಿನ ಇಂಥ ದೋಷವಿದ್ದಾಗ ಮೀಥೈಲ್ ಗುರುತುಗಳನ್ನು ನೋಡುವ ಮೀಥೈಲೀಕರಣದ ಪರೀಕ್ಷೆ ಸಹಜವೆಂದೇ ತೋರಿಸುವುದರಿಂದ, ಜೀನಿನ ಅನುಕ್ರಮವನ್ನೇ ಓದಿಸಬೇಕಾಗುತ್ತದೆ.