ಡ್ರಗ್ಸ್ ನಶೆಯಲ್ಲಿ ಗಾಡಿ ಓಡಿಸುವವರನ್ನು ಅಮೆರಿಕದ ಪೊಲೀಸರು ಹೇಗೆ ಪತ್ತೆ ಹಚ್ಚುತ್ತಾರೆ? ಊದಿಸುವ ಯಂತ್ರಕ್ಕೆ ಅದು ಸಿಗುವುದಿಲ್ಲ ಅಲ್ವಾ?

ಹೌದು, ಆ ಯಂತ್ರ ಹಿಡಿಯುವುದು ಮದ್ಯವನ್ನು ಮಾತ್ರ. ಅದಕ್ಕೇ 1970ರ ದಶಕದಲ್ಲಿ ಲಾಸ್ ಏಂಜಲೀಸ್ ಪೊಲೀಸರು ಬೇರೆ ದಾರಿ ಹುಡುಕಿದರು. ಈಗ ದೇಶದ ಎಲ್ಲೆಡೆ ಅದರ ತರಬೇತಿ ಇದೆ.

ರಸ್ತೆಬದಿಯ ಪರೀಕ್ಷೆಗಳು ಮೂರು: ಪೆನ್ನು ಆಡಿಸಿ ಕಣ್ಣುಗುಡ್ಡೆ ಅದುರುತ್ತದಾ ನೋಡುವುದು, ಗೆರೆ ಮೇಲೆ 9 ಹೆಜ್ಜೆ ನಡೆಸಿ ತಿರುಗಿಸುವುದು, ಒಂಟಿ ಕಾಲಲ್ಲಿ ನಿಲ್ಲಿಸುವುದು. ಅನುಮಾನ ಉಳಿದರೆ, ವಿಶೇಷ ತರಬೇತಿ ಪಡೆದವರು 12 ಹಂತದ ತಪಾಸಣೆ ಮಾಡುತ್ತಾರೆ. ನಾಡಿ, ಬಿಪಿ, ಕತ್ತಲೆ ಕೋಣೆಯಲ್ಲಿ ಕಣ್ಣಪಾಪೆ, ಎಲ್ಲವನ್ನೂ ನೋಡುತ್ತಾರೆ. ಹೆರಾಯಿನ್ ಪಾಪೆಯನ್ನು ಕುಗ್ಗಿಸುತ್ತದೆ, ಕೊಕೇನ್ ಹಿಗ್ಗಿಸುತ್ತದೆ. ಕೊನೆಗೆ ರಕ್ತ ಅಥವಾ ಮೂತ್ರದ ಪರೀಕ್ಷೆ.

ಜಾಸ್ತಿ ತಲೆನೋವು ಗಾಂಜಾದ್ದೇ. ಅದರ ಅಂಶ ನಶೆ ಇಳಿದ ಮೇಲೂ ರಕ್ತದಲ್ಲಿ ಉಳಿಯಬಹುದು. ಹಾಗಾಗಿ ಲ್ಯಾಬ್ ವರದಿಗಿಂತ ಪೊಲೀಸರು ಸ್ಥಳದಲ್ಲೇ ಬರೆದಿಟ್ಟ ಟಿಪ್ಪಣಿಯೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.