ಮರು: ಸ್ಥಾವರದ ಹೊಗೆ ನಮ್ಮ ಗುಡ್ಡದಡಿ ಹಿಡಿಸೀತಾ?
ಅಮೆರಿಕದಲ್ಲಿ ಸ್ಥಾವರಗಳ ಹೊಗೆಯಿಂದ ಹಿಡಿದ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಗಾಳಿಗೆ ಬಿಡದೆ ಸರಕಾರಿ ಜಾಗದ ಅಡಿಯಲ್ಲಿ ತುಂಬಿಸಲು ದಾರಿ ಮಾಡಿದ್ದಾರಲ್ಲ, ಪಡುಬಿದ್ರಿ ಕಡೆಯ ಗುಡ್ಡಗಳಲ್ಲೂ ಆಗಬಹುದಾ ಅಂತ ಕೇಳಿದ್ದೀರಿ. ಆಗಲಿಕ್ಕಿಲ್ಲ ಮಾರಾಯ್ರೆ. ಜಾಗ ಯಾರದ್ದು ಅನ್ನೋದು ಆಮೇಲಿನ ಮಾತು, ಮೊದಲು ಕಲ್ಲು ನೋಡಬೇಕು.

ಸುಮಾರು 800 ಮೀಟರ್‌ಗಿಂತ ಆಳದಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ಮರಳುಗಲ್ಲು ಬೇಕು. ಅದರ ಮೇಲೆ ಮುಚ್ಚಳದ ಹಾಗೆ ಬಿಗಿಯಾದ ಇನ್ನೊಂದು ಪದರ ಬೇಕು. ಆ ಆಳದ ಒತ್ತಡಕ್ಕೆ ಅನಿಲ ದಟ್ಟವಾಗಿ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ. ನಾರ್ವೆಯವರು 1996ರಲ್ಲೇ ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರದಲ್ಲಿ, ಸಮುದ್ರದ ತಳದ ಕೆಳಗೆ, ಹೀಗೆ ತುಂಬಿಸಲು ಶುರುಮಾಡಿದರು.

ನಮ್ಮಲ್ಲಿ ಏನಿದೆ? ಮನೆಯ ಬಾವಿ ತೋಡಿಸುವಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೇಲೆ ಮುರಕಲ್ಲು, ಅದರಡಿ ಕೈಗೆ ಅಂಟುವ ಶೇಡಿ ಮಣ್ಣು, ಆಮೇಲೆ ಹಾರೆ ಠಣ್ ಎನ್ನುವ ಪಾದೆ, ಅಂದರೆ ಗಟ್ಟಿ ಬಂಡೆ. ಪಾದೆಯಲ್ಲಿ ಮರಳುಗಲ್ಲಿನ ಹಾಗೆ ರಂಧ್ರಗಳಿಲ್ಲ, ಇರುವುದು ಬಿರುಕು ಮಾತ್ರ. ನಮ್ಮ ಬೋರ್‌ವೆಲ್ ನೀರು ಬರುವುದೂ ಅದೇ ಬಿರುಕಿನಿಂದ ಅಲ್ವಾ? ಅಲ್ಲಿಗೆ ಈ ಅನಿಲ ಸೇರಿದರೆ ನೀರು ಆಮ್ಲೀಯವಾಗುತ್ತದೆ. ನನಗೆ ಜಾಸ್ತಿ ಭಯ ಇರುವುದು ಅದರದ್ದೇ.

ಐಸ್‌ಲ್ಯಾಂಡಿನಲ್ಲಿ ಬಸಾಲ್ಟ್ ಎಂಬ, ಲಾವಾ ತಣಿದು ಆದ ಕಪ್ಪು ಕಲ್ಲಿನೊಳಗೆ ತುಂಬಿಸಿದ್ದು ಎರಡೇ ವರ್ಷದಲ್ಲಿ ಬಹುಪಾಲು ಕಲ್ಲೇ ಆಗಿದೆ. ಬಸಾಲ್ಟ್ ನಮ್ಮ ರಾಜ್ಯದಲ್ಲೂ ಇದೆ, ಆದರೆ ಬೆಳಗಾವಿ, ವಿಜಯಪುರದ ಕಡೆ.