ಹಿಸ್ಟೋಪೆಥಾಲಜಿ ಅಂದರೆ ಕ್ಯಾನ್ಸರಾ?

ಪ್ರಶ್ನೆ: ಅಮ್ಮನ ಕುತ್ತಿಗೆಯ ಗಂಟು ತೆಗೆದ ಡಾಕ್ಟರು ‘ಹಿಸ್ಟೋಪೆಥಾಲಜಿ’ ಅಂತ ಚೀಟಿ ಬರೆದು, ನಮ್ಮ ಕೈಗೇ ಬಾಟಲಿ ಕೊಟ್ಟಿದ್ದಾರೆ. ಇದು ಕ್ಯಾನ್ಸರಾ? ಬಯಾಪ್ಸಿ ಅಂದರೂ ಇದೇನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಪದ ನೋಡಿ ಹೆದರಬೇಡಿ. ಅದು ಕಾಯಿಲೆಯ ಹೆಸರಲ್ಲ, ಪರೀಕ್ಷೆಯ ಹೆಸರು. ಆಪರೇಷನ್‌ನಲ್ಲಿ ತೆಗೆದ ಅಪೆಂಡಿಕ್ಸ್, ಗರ್ಭಕೋಶ ಕೂಡ ಸಾಮಾನ್ಯವಾಗಿ ಇದೇ ಪರೀಕ್ಷೆಗೆ ಹೋಗುತ್ತವೆ. ಕುತ್ತಿಗೆಯ ಗಂಟಾದರೆ ಅದು ಟಿಬಿಯೂ ಇರಬಹುದು, ಅಲ್ವಾ?

ಗ್ರೀಕ್ ಭಾಷೆಯಲ್ಲಿ ‘ಹಿಸ್ಟೋಸ್’ ಅಂದರೆ ಮಗ್ಗ, ನೇಯ್ಗೆ. ‘ಪ್ಯಾಥೋಸ್’ ಅಂದರೆ ನೋವು, ರೋಗ. ನೂಲು ಸೇರಿ ಬಟ್ಟೆಯಾದ ಹಾಗೆ ಜೀವಕೋಶಗಳು ಸೇರಿ ಅಂಗಾಂಶ ಆಗುತ್ತದೆ, ಆ ನೇಯ್ಗೆ ಎಲ್ಲಿ ಕೆಟ್ಟಿದೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಹಿಸ್ಟೋಪೆಥಾಲಜಿ. ನನಗಂತೂ ತುಂಬಾ ಇಷ್ಟವಾದ ಪದ ಇದು. ಬಯಾಪ್ಸಿ ಅಂದರೆ ಪರೀಕ್ಷೆಗಾಗಿ ತುಣುಕು ತೆಗೆಯುವುದು. ಮಾತಿನಲ್ಲಿ ಎರಡನ್ನೂ ಬಯಾಪ್ಸಿ ಅಂದುಬಿಡುತ್ತೇವೆ.

ಬಾಟಲಿಯಲ್ಲಿರುವ ಘಾಟು ವಾಸನೆಯ ನೀರು ಫಾರ್ಮಲಿನ್, ತುಣುಕು ಕೊಳೆಯದ ಹಾಗೆ ಕಾಯುತ್ತದೆ. ಅದನ್ನು ಚೆಲ್ಲಿ ಸುಮ್ನೆ ನೀರು ತುಂಬಬೇಡಿ. ಲ್ಯಾಬಿನಲ್ಲಿ ತುಣುಕನ್ನು ಮೇಣದಲ್ಲಿ ಕೂರಿಸಿ, 3ರಿಂದ 5 ಮೈಕ್ರಾನ್ ದಪ್ಪದ, ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕುತ್ತಾರೆ. ಕೋಶದ ನಡುಭಾಗ ನೀಲಿ, ಉಳಿದದ್ದು ಗುಲಾಬಿ. ಅದಕ್ಕೇ ರಿಪೋರ್ಟ್ ಬರಲು ಕೆಲವು ದಿನ ಬೇಕು.

ಕೊಡುವ ಮುಂಚೆ ಬಾಟಲಿ ಮೇಲೆ ಅಮ್ಮನ ಹೆಸರು ಸರಿಯಾಗಿದೆಯಾ ನೋಡಿ. ರಿಪೋರ್ಟ್ ಬಂದ ಮೇಲೆ ಆಪರೇಷನ್ ಮಾಡಿದ ಡಾಕ್ಟರಿಗೆ ತಪ್ಪದೆ ತೋರಿಸಿ.